ಬಳ್ಳಾರಿ ಬಿಸಿಲಿಗೆ ಬಾಡಿ ಕಿಟ್: ಎಬಿಎಸ್ಸಾ, ಪಿಪಿನಾ, ಫೈಬರ್ರಾ?

ಕೆಂಪುಧೂಳು_ಸ್ವಿಫ್ಟ್:
ಸ್ವಿಫ್ಟ್‌ಗೆ ಮುಂದಿನ ಲಿಪ್ (ಬಂಪರ್ ಕೆಳಗಿನ ಪಟ್ಟಿ), ಎರಡೂ ಬದಿ ಸ್ಕರ್ಟ್ (ಬಾಗಿಲ ಕೆಳಗಿನ ಪಟ್ಟಿ), ಬೂಟ್ ಮೇಲೆ ಸ್ಪಾಯ್ಲರ್ (ರೆಕ್ಕೆ) ಹಾಕಿಸಬೇಕು. ಅಂಗಡಿಯವರು ಫೈಬರ್ (ಗಾಜಿನ ಎಳೆ, ರಾಳ ಸೇರಿಸಿ ಮಾಡಿದ್ದು) ಗಟ್ಟಿ ಅಂತಾರೆ, ಇನ್ನೊಬ್ಬರು ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಅಂತಾರೆ, ಆನ್‌ಲೈನ್‌ನಲ್ಲಿ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಸಿಗ್ತದೆ. ಗಾಡಿ ದಿನವಿಡೀ ಬಿಸಿಲಲ್ಲೇ ನಿಲ್ತದೆ. ವಾರಕ್ಕೆ ನಾಲ್ಕು ದಿನ ತೋರಣಗಲ್ಲಿಗೆ, ಅದಿರು ಲಾರಿಗಳ ಹಿಂದೆ. ಬಾಡಿ ಕಲರ್ ಪೇಂಟ್ ಬೇಕು. ಯಾವುದು ತಗೊಳ್ಳಲಿ?

ಡೆಂಟಿಂಗ್_ಪೇಂಟಿಂಗ್:
ಮೂರಕ್ಕೂ ಒಂದೇ ಮಾಲು ಹುಡುಕಬೇಡ್ರಿ. ಜಾಗ ನೋಡಿ ಆರಿಸ್ರಿ.

ಲಿಪ್‌ಗೆ ಪಿಪಿ. ಹಂಪ್‌ಗೆ ಮೊದಲು ತಾಗೋದು ಅದೇ, ಕಲ್ಲು ಸಿಡಿದು ಬೀಳೋದೂ ಅಲ್ಲೇ. ಪಿಪಿ ಬಾಗಿ ವಾಪಸ್ ಬರ್ತದೆ. ಕಂಪನಿ ಬಂಪರ್‌ಗಳೂ ಹೆಚ್ಚಾಗಿ ಪಿಪಿಗೆ ರಬ್ಬರ್ ಅಂಶ ಬೆರೆಸಿದ್ದೇ. ಫೈಬರ್ ಲಿಪ್ ಒಂದು ಏಟಿಗೆ ಜೇಡರ ಬಲೆಯ ಹಾಗೆ ಸೀಳ್ತದೆ.

ಸ್ಕರ್ಟ್‌ಗೂ ಸ್ಪಾಯ್ಲರ್‌ಗೂ ಎಬಿಎಸ್. ಆಕಾರ ಬಿಡಲ್ಲ, ಬಣ್ಣ ಚೆನ್ನಾಗಿ ಹಿಡೀತದೆ. ಆದರೆ ಬಣ್ಣ ಹಾಕದೆ ಬಿಸಿಲಿಗೆ ಬಿಟ್ಟರೆ ಮಾಸಿ, ಪೆಡಸಾಗ್ತದೆ. ಬಣ್ಣದ ಮೇಲೆ ಯುವಿ ತಡೆಯೋ ಕ್ಲಿಯರ್ ಕೋಟ್ (ಪಾರದರ್ಶಕ ಪದರ) ಹಾಕಿಸೋದು ಮರೀಬೇಡ್ರಿ. ಹಾಳೆ ಕಾಯಿಸಿ ಎಳೆದು ಮಾಡಿದ ಎಬಿಎಸ್ ಆದರೆ ಮೂಲೆ ಮುಟ್ಟಿ ನೋಡ್ರಿ. 3 ಮಿಮೀ ಹಾಳೆ ಮೂಲೆಯಲ್ಲಿ ಅರ್ಧಕ್ಕೆ ಇಳಿದಿರ್ತದೆ, ಒಡೆಯೋದು ಅಲ್ಲೇ.

ಪಿಯು (ಪಾಲಿಯುರೆಥೇನ್, ರಬ್ಬರಿನಂಥ ಪ್ಲಾಸ್ಟಿಕ್) ಬಗ್ಗೆ ಯಾರಾದರೂ ಹೇಳಿದರೆ: ಬಾಗ್ತದೆ ನಿಜ, ಆದರೆ ಭಾರ. ಬಿಸಿಲಿಗೆ ಉದ್ದ ತುಂಡು ಜೋತು ಬೀಳ್ತದೆ. ಇಲ್ಲಿಗೆ ನಾನು ಹೇಳಲ್ಲ.

ಕೆಂಪುಧೂಳು_ಸ್ವಿಫ್ಟ್:
ಎಬಿಎಸ್ ಅಂತ ಹೇಳಿ ಬೇರೆ ಕೊಟ್ಟರೆ ಗೊತ್ತಾಗೋದು ಹೇಗೆ ಅಣ್ಣ?

ಪ್ಲಾಸ್ಟಿಕ್_ವೆಲ್ಡಿಂಗ್_ಕೊಪ್ಪಳ:
ಹಿಂಬದಿ ತಿರುವಿ ನೋಡ್ರಿ, ಬಾಣದ ಗುರುತುಗಳ ನಡುವೆ ಮಾಲಿನ ಹೆಸರು ಒತ್ತಿರ್ತದೆ. ಗುರುತು ಇಲ್ಲಾಂದ್ರೆ ಕಾಣದ ಅಂಚಿಗೆ ಅಸಿಟೋನ್ ಹನಿ ಹಾಕ್ರಿ. ಎಬಿಎಸ್ ಆದರೆ ಅರೆ ನಿಮಿಷದಲ್ಲಿ ಅಂಟಂಟಾಗ್ತದೆ, ಪಿಪಿಗೆ ಏನೂ ಆಗಲ್ಲ. ಫೈಬರ್ ಆದರೆ ಹಿಂದೆ ಗಾಜಿನ ಎಳೆ ಕಣ್ಣಿಗೇ ಕಾಣ್ತದೆ.

ಚೂರು ಕೆತ್ತಿ ನೀರಿಗೆ ಹಾಕೋ ಪರೀಕ್ಷೆ ನಂಬಬೇಡ್ರಿ. ಶುದ್ಧ ಪಿಪಿ ತೇಲ್ತದೆ ಸರಿ, ಆದರೆ 20 ಶೇಕಡಾ ಟಾಲ್ಕ್ (ಮೆದು ಕಲ್ಲಿನ ಪುಡಿ) ಬೆರೆಸಿದ್ದು ಮುಳುಗ್ತದೆ. ಅದನ್ನ ನೋಡಿ ಎಬಿಎಸ್ ಅಂತ ತಿಳಿದು ಎಬಿಎಸ್ ಕಡ್ಡಿಯಿಂದ ವೆಲ್ಡ್ ಮಾಡಿದರೆ ಕೈಯಲ್ಲೇ ಬಿಚ್ಚಿ ಬರ್ತದೆ.

ಡೆಂಟಿಂಗ್_ಪೇಂಟಿಂಗ್:
ಪೇಂಟ್ ವಿಷಯ ಬಿಟ್ಟೋಯ್ತು. ಪಿಪಿಗೆ ನೇರ ಮಾಮೂಲಿ ಪ್ರೈಮರ್ ಹೊಡೆದರೆ ಮೊದಲ ಪ್ರೆಷರ್ ವಾಶ್‌ಗೇ ಹಾಳೆಹಾಳೆಯಾಗಿ ಏಳ್ತದೆ. ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ತೊಳೆದು ಅಚ್ಚಿನ ಎಣ್ಣೆ ತೆಗೀರಿ, ಒಣಗಿಸ್ರಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸ್ರಿ, ಕೆಂಪು ಸ್ಕಫ್ ಪ್ಯಾಡ್‌ನಿಂದ ಹೊಳಪು ಸಾಯಿಸ್ರಿ. ಮತ್ತೆ ಒರೆಸಿ ಪಿಪಿಯ ಪ್ಲಾಸ್ಟಿಕ್ ಪ್ರೈಮರ್ ಒಂದೇ ತೆಳು ಪದರ. ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಬಿಟ್ಟು ಬಣ್ಣ. ಲಿಪ್‌ಗೆ ಕ್ಲಿಯರ್‌ನಲ್ಲಿ ಫ್ಲೆಕ್ಸ್ ಅಡಿಟಿವ್ (ಪದರ ಸೀಳದೆ ಬಾಗೋ ಹಾಗೆ ಮಾಡೋದು) ಬೆರೆಸಲೇಬೇಕು.

ಎಬಿಎಸ್‌ನ ತಪ್ಪಿಯೂ ಪೆಟ್ರೋಲ್, ಸ್ಟ್ರಾಂಗ್ ತಿನ್ನರ್‌ನಿಂದ ಒರೆಸಬೇಡ್ರಿ, ಕೂದಲೆಳೆ ಸೀಳು ಬಿಡ್ತದೆ. ಪೇಂಟ್ ಒಣಗಿಸೋ ಬೂತ್‌ನಲ್ಲಿ 60 ಡಿಗ್ರಿ ದಾಟಿಸಬೇಡ್ರಿ.

ಹೈವೇ67:
ಸ್ಕರ್ಟ್ ಒಡೆಯೋದು ಮಾಲಿನ ತಪ್ಪಿಗಿಂತ ಹೆಚ್ಚಾಗಿ ಸ್ಕ್ರೂ ತಪ್ಪಿನಿಂದ. 1.8 ಮೀಟರ್ ಎಬಿಎಸ್ ತುಂಡು 25 ಡಿಗ್ರಿಯಿಂದ 65ಕ್ಕೆ ಕಾದರೆ ಸುಮಾರು 6 ಮಿಮೀ ಉದ್ದ ಬೆಳೀತದೆ, ಉಕ್ಕು 1 ಮಿಮೀ ಒಳಗೆ. ಎರಡೂ ತುದಿ ಬಿಗಿದರೆ ನಡುವೆ ಅಲೆ ಏಳ್ತದೆ, ಇಲ್ಲಾ ತೂತಿನಿಂದಲೇ ಸೀಳ್ತದೆ. ನಡುವಿನ ಸ್ಕ್ರೂ ಒಂದು ಬಿಗೀರಿ. ಉಳಿದ ತೂತುಗಳನ್ನ ಉದ್ದಕ್ಕೆ 10 ಮಿಮೀ ಮಾಡಿ, ಅಗಲ ವಾಷರ್ ಹಾಕಿ, ಜಾರೋ ಅಷ್ಟು ಸಡಿಲ ಬಿಡ್ರಿ. ಕೊರೆದ ಉಕ್ಕಿಗೆ ತುಕ್ಕು ತಡೆ ಪ್ರೈಮರ್ ಮರೀಬೇಡ್ರಿ.

ಮೇಲಂಚಿಗೆ 3ಎಂ ವಿಎಚ್‌ಬಿ ಟೇಪ್ (ಎರಡೂ ಬದಿ ಅಂಟೋ ಗಟ್ಟಿ ಟೇಪ್). ಮಧ್ಯಾಹ್ನ ಸುಡೋ ಬಾಡಿ ಮೇಲೆ ಬೇಡ, ಬೆಳಗ್ಗೆ ನೆರಳಲ್ಲಿ ಅಂಟಿಸಿ ಗಟ್ಟಿ ಒತ್ರಿ. ಪೂರ್ತಿ ಹಿಡಿಯೋಕೆ 72 ಗಂಟೆ, ಅಲ್ಲಿವರೆಗೂ ನೀರು ತೋರಿಸಬೇಡ್ರಿ. ನಮ್ಮ ಕೆಂಪು ಧೂಳು ಕಣ್ಣಿಗೆ ಕಾಣದಷ್ಟು ಉಳಿದರೂ ಟೇಪ್ ಧೂಳಿಗೇ ಅಂಟ್ಕೊಂಡು ಬರ್ತದೆ.

ಮೋಲ್ಡ್_ಮೇಸ್ತ್ರಿ:
ಫೈಬರ್‌ನ ಅಷ್ಟು ಬೈಬೇಡ್ರಿ. ಒಂದೇ ಗಾಡಿಗೆ ಹೊಸ ವಿನ್ಯಾಸ ಬೇಕಂದ್ರೆ ಬೇರೆ ದಾರಿ ಇಲ್ಲ, ಸ್ಪಾಯ್ಲರ್‌ಗಂತೂ ಧಾರಾಳ ಸಾಕು. 450 ಗ್ರಾಂ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಕದ ಗಾಜಿನ ಎಳೆ ಹಾಳೆ) ಮೂರು ಪದರ ಹಾಕಿದರೆ ಸುಮಾರು 3 ಮಿಮೀ ಬರ್ತದೆ. ಬೇಸಿಗೆಯಲ್ಲಿ ರಾಳಕ್ಕೆ ಹಾರ್ಡನರ್ (ಗಟ್ಟಿ ಮಾಡೋ ದ್ರವ) 1 ಶೇಕಡಾ ಸಾಕು. 2 ಹಾಕಿದರೆ ಬ್ರಶ್ ಎತ್ತೋದರೊಳಗೆ ಡಬ್ಬಿಯಲ್ಲೇ ಗಟ್ಟಿ. ಆದರೆ ಲಿಪ್‌ಗೆ ಪಿಪಿ ಅನ್ನೋದಕ್ಕೆ ನನ್ನದೂ ತಕರಾರಿಲ್ಲ.