ವಸಂತದ ವಲಸೆ ಹಕ್ಕಿ ನೋಡಲು ಯಾವ ದಿನ ಹೋಗಬೇಕು?

ಹಸಿರುಹಾದಿ:
ಎಲ್ಲರಿಗೂ ನಮಸ್ಕಾರ. ಮರ, ಪೊದೆ, ಕೆರೆ ಎಲ್ಲಾ ಇರುವ ಒಂದು ಪ್ರಕೃತಿ ಉದ್ಯಾನಕ್ಕೆ ಹೋಗುತ್ತಿರುತ್ತೇನೆ. ವಸಂತದ ವಲಸೆ ಶುರುವಾಗಿದೆ ಅಂತ ಕೇಳಿ ಶನಿವಾರ ಬೆಳಿಗ್ಗೆಯೇ ಹೋದೆ, ಹೊಸ ಹಕ್ಕಿ ಒಂದೂ ಕಾಣಲಿಲ್ಲ. ಗುರುವಾರ ಅದೇ ಜಾಗದಲ್ಲಿ ಮರದ ತುಂಬಾ ಉಲಿಯಕ್ಕಿ, ನೊಣಹಿಡುಕ ಇದ್ದವಂತೆ! ದಿನ ಆರಿಸುವುದು ಹೇಗೆ? ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿದರೆ ಹತ್ತಿರ ಬರುತ್ತವೆ ಅಂತ ಒಬ್ಬರು ಹೇಳಿದರು, ಹಾಗೆ ಮಾಡಬಹುದಾ?

ಕೆರೆದಂಡೆ:
ಕ್ಯಾಲೆಂಡರ್ ಬಿಡಿ, ಹಿಂದಿನ ರಾತ್ರಿಯ ಗಾಳಿ ನೋಡಿ. ಈ ಪುಟ್ಟ ಹಕ್ಕಿಗಳು ಹೆಚ್ಚಾಗಿ ರಾತ್ರಿಯೇ ಹಾರುತ್ತವೆ, ಯಾಕಂದ್ರೆ ಆಗ ತಂಪಿರುತ್ತದೆ, ಗಿಡುಗಗಳ ಕಾಟ ಕಡಿಮೆ, ಹಗಲು ಹೊಟ್ಟೆ ತುಂಬಿಸಿಕೊಳ್ಳಲು ಸಮಯವೂ ಸಿಗುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ವಸಂತದ ಪಯಣ ಉತ್ತರಕ್ಕೆ, ಹಾಗಾಗಿ ದಕ್ಷಿಣದಿಂದ ಗಾಳಿ ಬೀಸಿದ ರಾತ್ರಿ ಜಾಸ್ತಿ ಹಕ್ಕಿ ಹೊರಡುತ್ತವೆ. ಆದರೆ ರಾತ್ರಿಯಿಡೀ ಆಕಾಶ ತಿಳಿಯಾಗಿದ್ದು ಗಾಳಿಯೂ ಚೆನ್ನಾಗಿದ್ದರೆ ಎಷ್ಟೋ ಹಕ್ಕಿ ನಮ್ಮ ತಲೆ ಮೇಲೆಯೇ ದಾಟಿ ಹೋಗಿರುತ್ತವೆ, ಬೆಳಿಗ್ಗೆ ಉದ್ಯಾನ ಖಾಲಿ. ಅದೇ ದಕ್ಷಿಣದ ಗಾಳಿಯಲ್ಲಿ ಹೊರಟು, ಬೆಳಗಿನ ಜಾವಕ್ಕೆ ಮಳೆಯೋ ಎದುರುಗಾಳಿಯೋ ಸಿಕ್ಕಿತು ಅಂದುಕೊಳ್ಳಿ, ಎಲ್ಲಾ ಸಿಕ್ಕ ಮರಕ್ಕೆ ಇಳಿದುಬಿಡುತ್ತವೆ. ಮಳೆ ನಿಂತ ಕೂಡಲೇ ಹೋಗಿ. ಗುಡುಗು ಇದ್ದರೆ ಮಾತ್ರ ಬೇಡ.

ಬಾನಗಿಡುಗ:
ಬೆಳಿಗ್ಗೆ ಬೇಗ ಏಳಬೇಕು ಅನ್ನುವುದು ಎಲ್ಲಾ ಹಕ್ಕಿಗೂ ಅಲ್ಲ. ಗಿಡುಗ, ಹದ್ದು, ಕೊಕ್ಕರೆಗಳಿಗೆ ನೆಲ ಕಾದು ಬಿಸಿಗಾಳಿ ಮೇಲೇಳಬೇಕು, ಅದರ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತವೆ. ಹತ್ತು ಗಂಟೆ ಮೇಲೆ ಬಯಲಲ್ಲಿ ನಿಂತು ಬಿಳಿ ಮೋಡಗಳ ಕಡೆ ನೋಡಿ, ಬರೀ ನೀಲಿಯಲ್ಲಿ ದೂರದ ಹಕ್ಕಿ ಕಣ್ಣಿಗೆ ಸಿಗುವುದಿಲ್ಲ. ಇನ್ನೊಂದು, ಎಷ್ಟೋ ಜಾತಿಗಳಲ್ಲಿ ಗಂಡು ಮೊದಲು ಬಂದು ಜಾಗ ಹಿಡಿಯುತ್ತದೆ, ಹೆಣ್ಣು ಆಮೇಲೆ. ಒಂದೇ ವಾರ ಹೋಗಿ ನಿಲ್ಲಿಸಬೇಡಿ.

ಸಿಪಿಲೆ:
ಕೂಗು ಹಾಕುವುದು ದಯವಿಟ್ಟು ಬೇಡ. ದೂರದ ಹಾರಾಟಕ್ಕೆ ಮೊದಲು ಕೆಲವು ಪುಟ್ಟ ಹಕ್ಕಿಗಳು ಕೊಬ್ಬು ತುಂಬಿಕೊಂಡು ತೂಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳುತ್ತವೆ, ನಮ್ಮ ಉದ್ಯಾನದಲ್ಲಿ ಇಳಿಯುವ ಹೊತ್ತಿಗೆ ಅದು ಕರಗಿರುತ್ತದೆ. ಅವು ಇಳಿದಿರುವುದೇ ತಿನ್ನಲು. ಸುಳ್ಳು ಕೂಗಿಗೆ ಎದುರಾಳಿ ಬಂದ ಅಂತ ಹುಡುಕುತ್ತಾ ಹಾರಾಡಿದರೆ ತಿನ್ನುವ ಹೊತ್ತೂ ಹೋಯಿತು, ಉಳಿದ ಕೊಬ್ಬೂ ಹೋಯಿತು. ನಾನಿದನ್ನು ಕಂಡಲ್ಲೆಲ್ಲಾ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದರ ಬದಲು ನೀರಿನ ಪಕ್ಕ ಮೊದಲ ಬಿಸಿಲು ಬೀಳುವ ಪೊದೆ ಹುಡುಕಿ. ಹುಳುಹುಪ್ಪಟೆ ಅಲ್ಲೇ ಮೊದಲು ಓಡಾಡುತ್ತವೆ, ಹಕ್ಕಿಗಳೂ ಅಲ್ಲಿಗೇ ಬರುತ್ತವೆ. ಸೂರ್ಯ ಬೆನ್ನ ಹಿಂದಿರುವಂತೆ ಸುಮ್ನೆ ಕೂತುಕೊಳ್ಳಿ. 8×42 ದುರ್ಬೀನು (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. ಹಾಗೇ ವಲಸೆಯ ವಾರಗಳಲ್ಲಿ ರಾತ್ರಿ ಹೊರಗಿನ ದೀಪ ಆರಿಸಿ, ಬೆಳಕಿಗೆ ದಾರಿ ತಪ್ಪಿ ಗಾಜಿಗೆ ಬಡಿದು ಸಾಯುತ್ತವೆ.

ಹಸಿರುಹಾದಿ:
ಶುಕ್ರವಾರ ರಾತ್ರಿ ದಕ್ಷಿಣದ ಗಾಳಿಯೇ ಇತ್ತು, ಆಕಾಶವೂ ತಿಳಿಯಾಗಿತ್ತು! ಈಗ ಅರ್ಥವಾಯಿತು. ಕೂಗು ಹಾಕುವುದಿಲ್ಲ ಅಕ್ಕ. ಏನೂ ಸಿಗದ ಶನಿವಾರವನ್ನು ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ) ಹಾಕುವುದಾ ಬೇಡವಾ?

ಕೆರೆದಂಡೆ:
ಖಂಡಿತ ಹಾಕಿ. ಹಕ್ಕಿ ಯಾವಾಗ ಇರಲಿಲ್ಲ ಅಂತ ಗೊತ್ತಾದರೆ ತಾನೇ ಯಾವಾಗ ಬಂತು ಅಂತ ಹೇಳಲು ಸಾಧ್ಯ? ಗುಬ್ಬಿ, ಕಾಗೆ, ಮೈನಾ ಸೇರಿಸಿ ಕಂಡದ್ದೆಲ್ಲಾ ಬರೆದು, ಎಷ್ಟು ಹೊತ್ತು ಇದ್ದಿರಿ ಅಂತಲೂ ನಮೂದಿಸಿ.