ಆಬ್ಜೆಕ್ಟ್‌ಸ್ಟಾರ್ ರೂಲ್‌ಗಳನ್ನು ಜಾವಾಕ್ಕೆ ಸಾಗಿಸುವುದು: ಅನುಭವವುಳ್ಳವರ ಸಲಹೆ ಬೇಕು

ಪ್ರಶ್ನೆ, ಬೆಳಗಾವಿಯಿಂದ:

ಟಿಳಕವಾಡಿಯ ಮನೆಯಿಂದಲೇ ಹೊರದೇಶದ ವಿಮಾ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಅವರ ಮೇನ್‌ಫ್ರೇಮ್‌ನಲ್ಲಿ (ದೊಡ್ಡ ಕೇಂದ್ರ ಕಂಪ್ಯೂಟರ್‌ನಲ್ಲಿ) ಆಬ್ಜೆಕ್ಟ್‌ಸ್ಟಾರ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಸಾವಿರಾರು ರೂಲ್‌ಗಳು, ಅಂದರೆ ಸಣ್ಣ ಪ್ರೋಗ್ರಾಂಗಳು, ಇದ್ದು, ಅವೆಲ್ಲವನ್ನೂ ಜಾವಾಕ್ಕೆ ಸಾಗಿಸಬೇಕಾಗಿದೆ. ನನಗೆ ಮೇನ್‌ಫ್ರೇಮ್‌ನ ಹಳೆಯ ಭಾಷೆಯಾದ ಕೋಬಾಲ್ ಚೆನ್ನಾಗಿ ಬರುತ್ತದೆ, ಆದರೆ ಇದು ಹೊಸದು. ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ, ವಿಜಯಪುರದಿಂದ:

ಅಮ್ಡಾಲ್ ಕಂಪನಿಯು ಹುರಾನ್ ಎಂದು ಹೊರತಂದ ಸಾಧನವೇ ಮುಂದೆ ಆಬ್ಜೆಕ್ಟ್‌ಸ್ಟಾರ್ ಆಯಿತು. 2005ರಲ್ಲಿ ಟಿಬ್ಕೋ ಅದನ್ನು ಕೊಂಡ ಬಳಿಕ ಆಬ್ಜೆಕ್ಟ್ ಸರ್ವಿಸ್ ಬ್ರೋಕರ್ ಎನಿಸಿತು. ಆದ್ದರಿಂದ ಈ ಮೂರರಲ್ಲಿ ಯಾವ ಹೆಸರಿನ ಕೈಪಿಡಿ ಸಿಕ್ಕರೂ ಬಿಡಬೇಡಿ.

ಕೋಬಾಲ್ ಬಲ್ಲವರು ಎಡವುವುದು ರೂಲ್‌ನ ರಚನೆಯಲ್ಲಿ. ಇಲ್ಲಿ 'ಹೀಗಿದ್ದರೆ ಹೀಗೆ ಮಾಡು' ಎನ್ನುವ ಇಫ್ ಎಂಬುದೇ ಇಲ್ಲ. ಮೇಲ್ಭಾಗದಲ್ಲಿ ಷರತ್ತುಗಳು, ಅವುಗಳ ಬಲಕ್ಕೆ ವೈ (ಹೌದು) ಮತ್ತು ಎನ್ (ಇಲ್ಲ) ಎಂಬ ಗುರುತುಗಳ ಕಂಬಸಾಲುಗಳು, ಕೆಳಗೆ ಕ್ರಿಯೆಗಳು, ಪ್ರತಿ ಕ್ರಿಯೆಯ ಎದುರು ಯಾವ ಕಂಬಸಾಲಿನಲ್ಲಿ ಎಷ್ಟನೆಯದಾಗಿ ಅದು ನಡೆಯಬೇಕೆಂಬ ಸಂಖ್ಯೆ, ಕೊನೆಯಲ್ಲಿ ಎಕ್ಸೆಪ್ಶನ್‌ಗಳ (ಓಡುವಾಗ ಎದುರಾಗುವ ದೋಷಗಳ) ನಿರ್ವಹಣೆ ಇರುತ್ತದೆ. ಷರತ್ತುಗಳನ್ನು ಮೇಲಿನಿಂದ ಕೆಳಕ್ಕೆ ಪರಿಶೀಲಿಸುತ್ತ ಹೋಗಿ, ಮೊದಲು ನಿಜವಾದ ಷರತ್ತಿನ ಕಂಬಸಾಲನ್ನೇ ಆರಿಸಿಕೊಳ್ಳುವುದರಿಂದ, ಮೂರನೆಯ ಷರತ್ತಿನ ಅರ್ಥದಲ್ಲಿ ಮೊದಲಿನ ಎರಡೂ ಸುಳ್ಳಾಗಿದ್ದವು ಎಂಬುದು ಅಡಗಿರುತ್ತದೆ. ಅದನ್ನು ಒಂಟಿಯಾಗಿ ಎತ್ತಿ ಜಾವಾದಲ್ಲಿ ಪ್ರತ್ಯೇಕ ಇಫ್ ಮಾಡಿದರೆ ಪ್ರೀಮಿಯಂ ಲೆಕ್ಕ ತಪ್ಪುತ್ತದೆ, ಪ್ರೋಗ್ರಾಂ ಮಾತ್ರ ತಕರಾರಿಲ್ಲದೆ ಓಡುತ್ತದೆ.

ಇದಕ್ಕಿಂತ ಕಠಿಣವಾದದ್ದು ಲೋಕಲ್ ಚರಗಳ (ವೇರಿಯಬಲ್‌ಗಳ) ವಿಷಯ. ಒಂದು ರೂಲ್‌ನಲ್ಲಿ ಲೋಕಲ್ ಎಂದು ಘೋಷಿಸಿದ ಚರವು, ಅದು ಕರೆಯುವ ರೂಲ್‌ಗಳಿಗೂ, ಅವು ಕರೆಯುವ ರೂಲ್‌ಗಳಿಗೂ ಕಾಣುತ್ತದೆ. ಕೆಳಗಿನ ರೂಲ್ ಒಂದನ್ನೇ ಓದಿದವರಿಗೆ ಆ ಮೌಲ್ಯ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಹಾಗಾಗಿ ಒಂದು ಸಾಲು ಜಾವಾ ಬರೆಯುವ ಮುನ್ನ ಯಾವ ರೂಲ್ ಯಾವುದನ್ನು ಕರೆಯುತ್ತದೆ, ಯಾವ ಚರ ಎಲ್ಲಿ ಹುಟ್ಟಿ ಎಲ್ಲಿ ಬದಲಾಗುತ್ತದೆ ಎಂಬ ನಕ್ಷೆ ತಯಾರಿಸಿಕೊಳ್ಳಿ. ಮ್ಯಾನೇಜರ್‌ಗೆ ಇದು ಕಾಲಹರಣವೆಂದು ತೋರಬಹುದು. ಆದರೂ ಪಟ್ಟು ಸಡಿಲಿಸಬೇಡಿ.

ಉತ್ತರ, ಬಾಗಲಕೋಟೆ ನವನಗರದಿಂದ:

ಮೇಲಿನವರು ಹೇಳಿದ್ದು ಸರಿ, ಆದರೆ ದತ್ತಾಂಶವನ್ನೂ ಮರೆಯಬಾರದು. ಮೇನ್‌ಫ್ರೇಮ್ ಅಕ್ಷರಗಳಿಗೆ ಬಳಸುವ ಎಬ್‌ಸಿಡಿಕ್ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು, ದೊಡ್ಡ ಅಕ್ಷರಗಳು, ಅಂಕಿಗಳು ಈ ಕ್ರಮದಲ್ಲಿ ಬರುತ್ತವೆ. ಜಾವಾ ಅನುಸರಿಸುವ ಆಸ್ಕಿ ಕ್ರಮದಲ್ಲಿ ಇದು ಪೂರ್ತಿ ತಿರುವುಮುರುವು. ಅಕ್ಷರವೂ ಅಂಕಿಯೂ ಬೆರೆತ ಪಾಲಿಸಿ ಸಂಖ್ಯೆಗಳ ವಿಂಗಡಣೆ ಮತ್ತು 'ಇದಕ್ಕಿಂತ ದೊಡ್ಡದು' ಎಂಬ ಹೋಲಿಕೆಗಳು ಇದರಿಂದ ಬದಲಾಗುತ್ತವೆ. ಪ್ಯಾಕ್ಡ್ ಡೆಸಿಮಲ್‌ನಲ್ಲಿರುವ (ದಶಮಾಂಶ ಅಂಕಿಗಳನ್ನೇ ನಿಖರವಾಗಿ ಇಡುವ ಮೇನ್‌ಫ್ರೇಮ್ ರೂಪ) ಹಣದ ಮೊತ್ತಗಳನ್ನು ಜಾವಾದ ಡಬಲ್‌ಗೆ ಎಂದೂ ಹಾಕಬೇಡಿ, ಅದು ದಶಮಾಂಶಗಳನ್ನು ಅಂದಾಜಾಗಿ ಮಾತ್ರ ಇಡುತ್ತದೆ. ನಿಖರ ದಶಮಾಂಶಕ್ಕಾಗಿ ಜಾವಾದಲ್ಲಿರುವ ಬಿಗ್‌ಡೆಸಿಮಲ್ ಬಳಸಿ, ಪೂರ್ಣಾಂಕೀಕರಣದ (ರೌಂಡಿಂಗ್) ಕ್ರಮವನ್ನು ಹಳೆಯ ಫಲಿತಾಂಶದೊಂದಿಗೆ ಹೋಲಿಸಿ ನಿಗದಿಪಡಿಸಿಕೊಳ್ಳಿ.

ಪ್ರಶ್ನಿಸಿದವರಿಂದ:

ಇಬ್ಬರಿಗೂ ಕೃತಜ್ಞತೆಗಳು. ಸ್ವಯಂಚಾಲಿತ ಪರಿವರ್ತಕ ಕೊಂಡರೆ ಸಾಕೆಂದು ಕಂಪನಿಯವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ, ವಿಜಯಪುರದಿಂದ:

ಪರಿವರ್ತಕವು ಕೊಡುವ ಜಾವಾ ಓಡಬಹುದು, ಆದರೆ ಅದು ಜಾವಾದ ವೇಷ ತೊಟ್ಟ ರೂಲ್‌ಗಳೇ ಆಗಿರುತ್ತದೆ. ಮುಂದೆ ತಿದ್ದಬೇಕಾದವರಿಗೆ ಎರಡೂ ಭಾಷೆ ಬರಬೇಕಾಗುತ್ತದೆ. ಹಳೆಯ ಯಂತ್ರ ನಿಲ್ಲುವ ದಿನ ಹತ್ತಿರವಿದ್ದರೆ ಅದನ್ನೇ ಒಪ್ಪಿಕೊಳ್ಳಿ. ಅವಕಾಶವಿದ್ದರೆ ಬಡ್ಡಿ, ಪ್ರೀಮಿಯಂ, ಕ್ಲೇಮುಗಳಂತಹ ತಿರುಳಿನ ರೂಲ್‌ಗಳನ್ನು ಮಾತ್ರ ಕೈಯಿಂದ ಬರೆದು, ವರದಿ ಮುದ್ರಿಸುವಂಥವನ್ನು ಪರಿವರ್ತಕಕ್ಕೆ ಬಿಡಿ. ಒಂದು ತಿಂಗಳ ಕೊನೆಯ ಬ್ಯಾಚ್ (ಒಟ್ಟಾಗಿ ಓಡಿಸುವ) ಕೆಲಸವನ್ನಾದರೂ ಎರಡೂ ಕಡೆ ಓಡಿಸಿ, ಪೈಸೆ ಪೈಸೆ ತಾಳೆ ನೋಡುವವರೆಗೆ ಹಳೆಯದನ್ನು ನಿಲ್ಲಿಸಲು ಒಪ್ಪಬೇಡಿ.