ಕುಸಿದ ಐಟಿ ಷೇರುಗಳಿಗೆ ಠೇವಣಿಯ ಹಣವನ್ನು ಹಾಕಬಹುದೇ?

ಪ್ರಶ್ನೆ (ಸುರತ್ಕಲ್)

ಮಾನ್ಯರೇ, ಮಾರುಕಟ್ಟೆ ಕುಸಿದ ಬಳಿಕ ದೊಡ್ಡ ಐಟಿ ಕಂಪನಿಗಳ ಷೇರುಗಳೂ ಬಹಳ ಕೆಳಗಿಳಿದಿವೆ. ಊರಿನ ಸೊಸೈಟಿಯಲ್ಲಿಟ್ಟಿದ್ದ ನಾಲ್ಕು ಲಕ್ಷ ರೂಪಾಯಿ ಠೇವಣಿಯ ವಾಯಿದೆ ಮುಂದಿನ ತಿಂಗಳು ಮುಗಿಯಲಿದೆ. ನಾನೂ ಪತ್ನಿಯೂ ಮಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲೇ ದುಡಿಯುತ್ತಿರುವುದರಿಂದ ಈ ಕ್ಷೇತ್ರ ನಮಗೆ ಅರ್ಥವಾಗುತ್ತದೆ ಎಂಬ ಧೈರ್ಯವಿದೆ. ಮನೆ ಸಾಲದ ಕಂತು ಇನ್ನೂ ಹಲವು ವರ್ಷ ಇದೆ. ಅಷ್ಟೂ ಹಣವನ್ನು ಒಂದೇ ಸಲ ಹಾಕಬಹುದೇ?

ಉತ್ತರ (ಉಡುಪಿ)

ಇಳಿದದ್ದೆಲ್ಲ ಅಗ್ಗವಲ್ಲ. 2000ದ ಮಾರ್ಚ್‌ನಲ್ಲಿ ಐದು ಸಾವಿರ ದಾಟಿದ್ದ, ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡ್ಯಾಕ್ ಷೇರು ಸೂಚ್ಯಂಕವು 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಪಾಲಿಗೂ ಹೆಚ್ಚು ಕಳೆದುಕೊಂಡಿತು. ಹಳೆಯ ಎತ್ತರವನ್ನು ಮತ್ತೆ ಕಂಡದ್ದು 2015ರಲ್ಲಿ. ಆಗ ಶೇ. 90ಕ್ಕಿಂತ ಹೆಚ್ಚು ಬಿದ್ದಿದ್ದ ಅಮೆಜಾನ್ ಎದ್ದು ನಿಂತ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೋದ ಕಥೆ ಹೇಳುವವರು ಕಡಿಮೆ. ಅದರ ವಹಿವಾಟು ಮುಂದೆ ಎರಡು ಪಟ್ಟಿಗೂ ಮಿಕ್ಕಿ ಬೆಳೆದರೂ, 2000ದಲ್ಲಿ ಜನರು ವಾರ್ಷಿಕ ಲಾಭದ ನೂರು ಪಟ್ಟಿಗೂ ಮೀರಿದ ಬೆಲೆ ತೆತ್ತಿದ್ದರಿಂದ, ಇಪ್ಪತ್ತು ವರ್ಷ ಕಳೆದರೂ ಷೇರು ಆ ಬೆಲೆಯನ್ನು ಮುಟ್ಟಲಿಲ್ಲ. ನಮ್ಮಲ್ಲಿ ಅದೇ ಕಾಲದ ಕಣ್ಮಣಿಗಳಾಗಿದ್ದ ಡಿಎಸ್‌ಕ್ಯೂ ಸಾಫ್ಟ್‌ವೇರ್, ಪೆಂಟಾಮೀಡಿಯಾ ಚೇತರಿಸಿಕೊಳ್ಳಲೇ ಇಲ್ಲ. ಆದ್ದರಿಂದ ಗರಿಷ್ಠ ಬೆಲೆಗಿಂತ ಎಷ್ಟು ಇಳಿದಿದೆ ಎಂಬುದನ್ನು ಬಿಟ್ಟು, ಈಗಿನ ಲಾಭಕ್ಕೆ ಎಷ್ಟು ಪಟ್ಟು ಕೊಡುತ್ತಿದ್ದೀರಿ, ಕಂಪನಿಗೆ ಸಾಲವೆಷ್ಟು, ಕೈಗೆ ನಗದು ಬರುತ್ತಿದೆಯೇ ಎಂಬುದನ್ನು ನೋಡಿ.

ಉತ್ತರ (ಮಣಿಪಾಲ)

ಮೇಲಿನವರು ಷೇರಿನ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ನನಗೆ ಚಿಂತೆಯಿರುವುದು ಪ್ರಶ್ನೆ ಕೇಳಿದವರ ಮನೆಯ ಲೆಕ್ಕದ ಬಗ್ಗೆ. ಭಾರತದ ದೊಡ್ಡ ಐಟಿ ಕಂಪನಿಗಳ ಆದಾಯದ ಬಹುಪಾಲು ಅಮೆರಿಕ ಮತ್ತು ಯುರೋಪಿನ ಗ್ರಾಹಕರಿಂದ ಬರುತ್ತದೆ. ಅಲ್ಲಿನ ಬ್ಯಾಂಕುಗಳು ಖರ್ಚಿಗೆ ಕತ್ತರಿ ಹಾಕಿದರೆ ಷೇರು ಇಳಿಯುವ ಹೊತ್ತಿಗೇ ಸಂಬಳ ಏರಿಕೆ ನಿಲ್ಲುತ್ತದೆ, ಹೊಸ ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಮಲ್ಪೆಯಲ್ಲಿ ಬೋಟಿಗೆ ಹೋಗುವವನು ಉಳಿತಾಯವನ್ನೂ ಅದೇ ಬೋಟಿನ ಪಾಲಿಗೆ ಹಾಕಿದರೆ ಮೀನು ಸಿಗದ ವರ್ಷ ಎರಡೂ ಕಡೆ ಬರಿಗೈ. ನಿಮ್ಮ ಎರಡು ಸಂಬಳಗಳೂ ಈ ಕ್ಷೇತ್ರದ್ದೇ ಆಗಿರುವಾಗ ಉಳಿತಾಯವನ್ನೂ ಅಲ್ಲಿಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಆರು ತಿಂಗಳ ಕಂತು ಮತ್ತು ಮನೆಖರ್ಚನ್ನು ಠೇವಣಿಯಲ್ಲೇ ಉಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರ ಸಂಬಳದ ವಿಷಯವನ್ನು ಬಲವೆಂದೇ ಎಣಿಸಿದ್ದೆ. ಹಾಗಾದರೆ ಕಂತು ಮತ್ತು ಖರ್ಚು ಕಳೆದು ಉಳಿಯುವ ಒಂದು ಲಕ್ಷವನ್ನಾದರೂ ಹಾಕಬಹುದೇ?

ಉತ್ತರ (ಕದ್ರಿ)

ಹಾಕಬಹುದು, ಆದರೆ ಒಂದು ವರ್ಷದಲ್ಲಿ ಹಂಚಿ ಹಾಕಿ. ಬರೀ ಐಟಿ ಷೇರುಗಳಿಗಿಂತ, ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಹಣ ಹಂಚುವ ನಿಫ್ಟಿ 50 ಇಂಡೆಕ್ಸ್ ಫಂಡ್ ಉತ್ತಮ, ಏಕೆಂದರೆ ಅದರಲ್ಲಿ ಐಟಿಯ ಜೊತೆಗೆ ಬೇರೆ ಕ್ಷೇತ್ರಗಳ ಕಂಪನಿಗಳೂ ಇವೆ. ಸ್ವಂತ ಕಂಪನಿಯ ಷೇರನ್ನೇ ಕೊಳ್ಳುವುದಾದರೆ, ಅದು ಷೇರುಪೇಟೆಯಲ್ಲಿ ಲಿಸ್ಟ್ ಆಗಿದ್ದು, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದ ಪ್ರಕಾರ ಒಳಮಾಹಿತಿ ಸಿಗಬಹುದಾದವರೆಂದು ಗುರುತಿಸಲಾದ ಉದ್ಯೋಗಿಗಳ ಪಟ್ಟಿಯಲ್ಲಿ ನೀವಿದ್ದರೆ, ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ವ್ಯವಹರಿಸುವಂತಿಲ್ಲ. ನಿಮ್ಮ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ಕಂಪ್ಲಯನ್ಸ್ ವಿಭಾಗದಲ್ಲಿ ವಿಚಾರಿಸಿಯೇ ಮುಂದುವರಿಯಿರಿ.